ಕಿಟ್ಟದಿನ್ನಿ

ಮುಂಬಯಿ ಪಕ್ಕದ ಡೊಂಬಿವಲಿಯ ಗೋದಾಮಿನಲ್ಲಿ ಮೂವತ್ತು ವರ್ಷ ಚೀಲ ಹೊತ್ತ ಶಂಕ್ರೆಪ್ಪನನ್ನು ಮಗಳಿಗೆ ಏನು ಕೆಲಸ ಎಂದು ಕೇಳಿದರೆ, "ವಿಮಾನ ಹಾರ್ಸಿ ನೆಲದಾಗಿನ ಬಂಗಾರ ಹುಡುಕ್ತಾಳ" ಎಂದುಬಿಡುತ್ತಿದ್ದ. ಮಲ್ಲಿಕಾ ಏನನ್ನೂ ಹಾರಿಸುವವಳಲ್ಲ. ಬೇಲಾಪುರದ ಆಫೀಸಿನಲ್ಲಿ ಕೂತು, ಡ್ರೋನು ತಂದ ಅಳತೆಗಳಿಂದ ಬಣ್ಣಬಣ್ಣದ ನಕಾಶೆ ಮಾಡುವವಳು. ಆದರೆ ಹೆತ್ತವನ ಬಾಯಿಗೆ ಬೀಗ ಹಾಕುವವರು ಯಾರು? ಅವನು ಕನ್ನಡದಲ್ಲಿ ಮಾತಾಡಿದರೆ ಅವಳು ಹಿಂದಿಯಲ್ಲಿ ಉತ್ತರಿಸುವಳು. ಅವಳು ಅವನನ್ನು ಏನಾದರೂ ಕೇಳಿ ಎಷ್ಟೋ ವರ್ಷವಾಗಿತ್ತು. ಓದಿದ ಮಗಳಿಗೆ ಕೊಡಲು ತನ್ನಲ್ಲೇನಿದೆ ಎಂದು ಅವನು ಒಳಗೊಳಗೇ ನೋಯುತ್ತಿದ್ದ.

ಆ ಭಾನುವಾರ ಮಧ್ಯಾಹ್ನ ಅವಳೇ ಲ್ಯಾಪ್‌ಟಾಪ್ ತಂದು ಪಕ್ಕದಲ್ಲಿ ಕೂತಳು.

"ಪಪ್ಪಾ, ಯೇ ದೇಖೋ. ಆಪ್‌ಕಾ ರಾಯಚೂರ್ ಸೈಡ್. ಲಾಲ್ ವಾಲಾ ಪೂರಾ ಲೋಹಾ ಹೈ."

ಡ್ರೋನಿಗೆ ಕಟ್ಟಿದ ಯಂತ್ರ ನೆಲದ ಅಯಸ್ಕಾಂತದ ಸೆಳೆತವನ್ನು ಅಳೆದಿತ್ತು. ಸೆಳೆತ ಜೋರಾಗಿದ್ದಲ್ಲಿ ನಕಾಶೆ ಕೆಂಪಾಗಿತ್ತು; ಕೆಂಪಿದ್ದಲ್ಲೆಲ್ಲ ಕಬ್ಬಿಣದ ಅದಿರು ಎಂಬುದು ಅವಳ ಲೆಕ್ಕ. ಅಲ್ಲೇ ಕೊರೆಯಬೇಕೆಂದು ಮರುದಿನ ಸಾಹೇಬರಿಗೆ ಹೇಳುವವಳಿದ್ದಳು. ಅವಳು ಕಂಡುಹಿಡಿದ ಮೊದಲ ಜಾಗವದು. ಅವಳ ಸಂಭ್ರಮ ನೋಡಿಯೇ ಶಂಕ್ರೆಪ್ಪನಿಗೆ ಹೊಟ್ಟೆ ತುಂಬಿತು.

"ಜಾಗಾದ ಹೆಸರೇನವ್ವಾ?"

"ಕಿಟ್ಟದಿನ್ನಿ. ದಿನ್ನಿ ಮತ್ಲಬ್ ದಿಬ್ಬ, ಮಾಲೂಮ್ ಹೈ. ಕಿಟ್ಟ ಕೋಯೀ ಆದ್ಮೀ ಹೋಗಾ."

ಶಂಕ್ರೆಪ್ಪ ಬಾಗಿ ಆ ಕೆಂಪನ್ನು ಮತ್ತೊಮ್ಮೆ ನೋಡಿದ. ಕಮ್ಮಾರರ ಮನೆಯಲ್ಲಿ ಹುಟ್ಟಿ, ಕುಲುಮೆಯ ಮುಂದೆ ತಿದಿ ಒತ್ತಿ ಬೆಳೆದವನಿಗೆ ಕಿಟ್ಟ ಗೊತ್ತಿಲ್ಲವೇ! ಹೇಳಿದರೆ ಮಗಳ ಖುಷಿ ಮಣ್ಣುಪಾಲು. ಹೇಳದಿದ್ದರೆ ನಾಳೆ ನಾಲ್ಕು ಜನರ ಮುಂದೆ ಅವಳ ಮಾತಿಗೆ ಕಿಮ್ಮತ್ತಿಲ್ಲ.

"ಅದು ಮನಷ್ಯಾ ಅಲ್ಲವ್ವಾ," ಎಂದ ಕೊನೆಗೆ. "ಕಲ್ಲು ಕಾಸಿ ಕಬ್ಬಿಣ ತಗದ ಮ್ಯಾಲ ಹೊಲಸು ಉಳಿತೈತಲ್ಲ, ಅದು ಕಿಟ್ಟ. ಹಿಂದಿನ ಮಂದಿ ಸುರುವಿ ಸುರುವಿ ದಿನ್ನಿ ಮಾಡ್ಯಾರ. ಅದರಾಗ ಉಳದ ಕಬ್ಬಿಣಕ್ಕ ನಿನ್ನ ಯಂತ್ರ ಕೆಂಪು ತೋರ್ಸೇತಿ, ಬುಡಕ ಏನೂ ಇರೂದಿಲ್ಲ."

ಮಲ್ಲಿಕಾಳ ಮುಖ ಸಪ್ಪಗಾಯಿತು. ಕೆಂಪು ಜಾಗವನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ ನೋಡಿದಳು. ಶಂಕ್ರೆಪ್ಪ ತನ್ನ ನಾಲಿಗೆಗೆ ಮನಸಾರೆ ಶಾಪ ಹಾಕಿಕೊಂಡ.

ಆಮೇಲೆ ಅವಳು ಮುರುಕು ಕನ್ನಡದಲ್ಲಿ, "ಅಪ್ಪಾ, ಮತ್ತ ಆ ಕಲ್ಲು ಎಲ್ಲಿಂದ ತರ್ತಿದ್ರು?" ಎಂದಳು.

ಕೇಳಿದಳು!

"ಹಳ್ಳ ಹಿಡದು ಮ್ಯಾಲ ಹೋಗ್ತಿದ್ರಂತ, ನಮ್ಮಜ್ಜ ಹೇಳ್ತಿದ್ದ. ಹಳ್ಳ ತೋರ್ಸು."

ಅವಳು ನೀಲಿ ಗೆರೆಯ ಮೇಲೆ ಬೆರಳಾಡಿಸಿದಳು. ಮೇಲುಗಡೆ ಒಂದು ಮಾಸಲು ಹಳದಿ ಪಟ್ಟಿ. ಸೆಳೆತ ಕಡಿಮೆಯೆಂದು ಅವಳೇ ಬಿಟ್ಟಿದ್ದ ಜಾಗ. ಸಂಜೆಯವರೆಗೂ ಅಪ್ಪ ಮಗಳು ಆ ಹಳ್ಳವನ್ನು ಬಿಟ್ಟು ಏಳಲಿಲ್ಲ. ಮೊದಲು ಅಲ್ಲಿಗೆ ಹೋಗಿ ಕಲ್ಲು ತಂದು ನೋಡಬೇಕೆಂದು ಅವಳು ವರದಿಯನ್ನು ತಿದ್ದಿ ಬರೆದಳು.

"ಮಾಹಿತಿ ಕೊಟ್ಟವರ ಹೆಸರು ಹಾಕಬೇಕು. ಏನಂತ ಬರೀಲಿ?"

"ಶಂಕ್ರೆಪ್ಪ, ಹಮಾಲ. ಅಷ್ಟ ಸಾಕು."

ಅವಳು ಒಂದೊಂದೇ ಅಕ್ಷರ ಒತ್ತಿ, ಗಟ್ಟಿಯಾಗಿ ಓದಿದಳು: "ಶಂಕ್ರೆಪ್ಪ ಕಮ್ಮಾರ."

ಈ ಊರಿಗೆ ಬಂದ ಮೇಲೆ ಅವನನ್ನು ಆ ಹೆಸರಿನಿಂದ ಯಾರೂ ಕರೆದಿರಲಿಲ್ಲ.