ಅಂಚು ನೇರ ಮಾಡಿದ ಕೈ

ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದವನನ್ನು ಊರೆಲ್ಲ ರಟ್ಟಣ್ಣ ಎಂದೇ ಕರೆಯುತ್ತಿತ್ತು. ಕೈ ನಡುಗಲು ಶುರುವಾಗಿ ಅಂಗಡಿಗೆ ಬೀಗ ಹಾಕಿದ ಮೇಲೆ ಅವನಿಗೊಂದು ಹುಚ್ಚು ಹತ್ತಿತು, ವಂಶಾವಳಿ ಬರೆಯುವ ಹುಚ್ಚು. ಬರೆಯಲು ಒಂದಕ್ಷರವೂ ಸಿಗುವ ಮೊದಲೇ ಇನ್ನೂರು ಹಾಳೆಯ ಪುಸ್ತಕ ಹೊಲಿದು, ಬಟ್ಟೆಯ ಬೆನ್ನು ಅಂಟಿಸಿ ಮುಗಿಸಿಬಿಟ್ಟ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ," ಎಂದು ಅಕ್ಕ ನಕ್ಕಿದ್ದಳು. ಆಗ ಅವಳಿನ್ನೂ ಎದ್ದು ಓಡಾಡುತ್ತಿದ್ದಳು.

ಅಪ್ಪನ ಕಡೆಯದು ಕುಂಟುತ್ತ ಕುಂಟುತ್ತ ಮುಂದೆ ಸಾಗಿತು. ಫೋಟೋದ ಹಿಂದಿನ ರಟ್ಟಿನ ಮೇಲೆ ಗೀಚಿದ್ದ ಒಂದು ಹೆಸರು, ದೊಡ್ಡಪ್ಪನ ಪೆಟ್ಟಿಗೆಯ ತಳದಲ್ಲಿ ಗೆದ್ದಲು ಬಿಟ್ಟುಕೊಟ್ಟ ಅರ್ಧ ಪತ್ರ, ತೊಂಬತ್ತು ದಾಟಿದ ಸೋದರತ್ತೆಯ ಬಾಯಿಂದ ಉದುರಿದ ಐದು ಹೆಸರು. ಆ ಐದರಲ್ಲಿ ಎರಡು ಮನೆಯ ಹಸುಗಳದ್ದು ಎಂದು ಆಮೇಲೆ ಗೊತ್ತಾಯಿತು.

ಅಮ್ಮನ ಕಡೆಗೆ ಮಾತ್ರ ಒಂದೇ ಸಾಲು. ಎರಡು ವರ್ಷದ ಮಗುವಾಗಿ ಅನಾಥಾಲಯ ಸೇರಿದವಳು ಅವಳು. ಹೆತ್ತವಳು ಸತ್ತಿದ್ದಳು ಎಂದಷ್ಟೇ ಅಲ್ಲಿ ಯಾರೋ ಹೇಳಿದ್ದರಂತೆ.

ಸಾಯುವ ವಾರದಲ್ಲಿ ಅಮ್ಮ ಬಿಡದೆ ತನ್ನ ತಾಯಿಯನ್ನು ಕರೆಯುತ್ತಿದ್ದಳು. ಸಮಾಧಾನ ಮಾಡಲು ಹೋದ ಅಕ್ಕ, "ಅವಳ ಹೆಸರೇನಮ್ಮ? ಹೇಳು, ನಾನೂ ಕೂಗ್ತೀನಿ," ಎಂದಳು. ಅಮ್ಮ ಕಣ್ಣು ಬಿಟ್ಟು ನೋಡಿದಳು. "ಗೊತ್ತಿಲ್ಲ ಕಣೇ. ನಂಗೆ ಯಾರೂ ಹೇಳಲೇ ಇಲ್ಲ." ಆಮೇಲೆ ಅವಳು ಯಾರನ್ನೂ ಕರೆಯಲಿಲ್ಲ. ಕೇಳಬಾರದ್ದನ್ನು ಕೇಳಿಬಿಟ್ಟೆ ಎಂಬ ಕೊರಗು ಅಕ್ಕನ ಎದೆಯಲ್ಲಿ ಇಪ್ಪತ್ತು ವರ್ಷ ಮುಳ್ಳಾಗಿ ಕೂತಿತ್ತು. ಈಗ ಅವಳದೇ ಮೂತ್ರಪಿಂಡ ಕೈಕೊಟ್ಟು ಹಾಸಿಗೆ ಹಿಡಿದಿದ್ದಳು.

"ನಾನು ಹೋಗೋದ್ರೊಳಗೆ ಆ ಹೆಸರು ತಂದುಕೊಡೋ," ಎಂದಿದ್ದಳು ತಮ್ಮನಿಗೆ. "ಅಲ್ಲಿ ಅಮ್ಮ ಸಿಕ್ಕರೆ ಹೇಳ್ಬೇಕು."

ಅಂದಿನಿಂದ ಅದು ಹುಚ್ಚಾಗಿ ಉಳಿಯಲಿಲ್ಲ.

ಅನಾಥಾಲಯ ಮುಚ್ಚಿ ಯಾವ ಕಾಲವಾಗಿತ್ತೋ. ಅದರ ದಾಖಲೆಗಳು ನಗರಸಭೆಯ ನೆಲಮಾಳಿಗೆಗೆ ಬಂದಿವೆ ಎಂದು ತಿಳಿದು ರಟ್ಟಣ್ಣ ಮೂರು ಸಲ ಅಲೆದ. ನಾಲ್ಕನೆಯ ಸಲ ಅಲ್ಲಿನ ಗುಮಾಸ್ತೆ, ಹೆಗಲಿಗೆ ಶಾಲು ಹೊದ್ದ ಹುಡುಗಿ, ಒಂದು ದಪ್ಪ ಪುಸ್ತಕವನ್ನು ಎರಡೂ ಕೈಯಲ್ಲಿ ಹೊತ್ತು ತಂದು ಮೇಜಿನ ಮೇಲಿಟ್ಟಳು. ಧೂಳು ಎದ್ದಿತು.

ಬಿಚ್ಚುವ ಮೊದಲೇ ಅವನು ಅದನ್ನು ಗುರುತು ಹಿಡಿದ. ಕಂದು ಬಟ್ಟೆಯ ಬೆನ್ನು, ಮೂಲೆಗೆ ಮಡಿಚಿದ ರೀತಿ.

"ಇದು ನನ್ನ ಕೆಲಸ ಕಣಮ್ಮ!"

"ಹೌದಾ ತಾತ?"

"ಮೂವತ್ತೈದು ವರ್ಷ ಆಯ್ತೇನೋ. ಹುಳ ತಿಂದ ಹಾಳೆಗಳ್ನ ಗಂಟುಗಟ್ಟಲೆ ತಂದು ಸುರಿದಿದ್ರು. ಯಾವುದು ಎಲ್ಲೀದು ಅಂತ ಯಾರು ನೋಡಿದ್ರು? ಓದ್ತಾ ಕೂತ್ರೆ ಅಂಟು ಒಣಗತ್ತೆ ಅನ್ನೋರು ನಮ್ಮ ಮೇಸ್ತ್ರಿ." ಅವನು ಹಾಳೆಗಳ ಅಂಚಿನ ಮೇಲೆ ಹೆಬ್ಬೆರಳು ಎಳೆದ. "ನೋಡು, ನೂಲು ಹಿಡಿದ ಹಾಗೆ ನೇರವಾಗಿದೆ ಇವತ್ತಿಗೂ."

"ಈ ಕೈಗೆ ಚಿನ್ನದ ಕಡಗ ಹಾಕಿಸ್ಬೇಕು ಬಿಡಿ," ಎನ್ನುತ್ತ ಅವಳು ಪುಟ ಹುಡುಕಿದಳು. ಅವನ ಕಣ್ಣಿಗೆ ಆ ಮಸುಕು ಅಕ್ಷರ ಹತ್ತಲಿಲ್ಲ. ಅವಳೇ ಓದಿದಳು. "ಹೆಣ್ಣು ಮಗು. ವಯಸ್ಸು ಸುಮಾರು ಎರಡು. ಎಡಗಿವಿಯ ಹಿಂದೆ ಮಚ್ಚೆ."

ಆ ಮಚ್ಚೆಯನ್ನು ಅವನು ಚಿಕ್ಕಂದಿನಲ್ಲಿ ಅಮ್ಮನ ಬೆನ್ನೇರಿ ಕೂತಾಗೆಲ್ಲ ಬೆರಳಿನಿಂದ ಒತ್ತುತ್ತಿದ್ದ. "ಹೂಂ, ಇದೇ. ಮುಂದೆ?"

"ಯಾರು ತಂದಿದ್ದು ಅನ್ನೋದು ಕೊನೇ ಕಾಲಮ್ಮಲ್ಲಿದೆ. 'ಮಗುವಿನ ತಾಯಿಯೇ ತಂದು ಒಪ್ಪಿಸಿದಳು. ತನ್ನ ಹೆಸರು'..." ಅವಳು ನಿಂತಳು. ಪುಸ್ತಕವನ್ನು ದೀಪದ ಕಡೆ ಓರೆ ಮಾಡಿದಳು. "ಕೆಳಗಿನ ಸಾಲಲ್ಲಿ 'ಎಂದು ಹೇಳಿ ಹೋದಳು' ಅಂತಿದೆ. ಮೇಲಿನ ಸಾಲಿನ ಕೊನೇಲಿ ಹೆಸರಿರೋ ಜಾಗವೇ ಇಲ್ಲ ತಾತ, ಅಂಚು ಕತ್ತರಿಸಿಹೋಗಿದೆ. ಯಾವ ಕುರುಡ..."

ಮಾತು ಅರ್ಧಕ್ಕೇ ನುಂಗಿಕೊಂಡಳು.

ರಟ್ಟಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಹುಳ ಹೊಡೆದ ಅಂಚು ಗರಗಸದ ಹಲ್ಲಿನಂತಿದ್ದರೆ ಒಟ್ಟಿಗೆ ಜೋಡಿಸಿ, ಯಂತ್ರದ ಬ್ಲೇಡಿನ ಕೆಳಗಿಟ್ಟು, ಬೆರಳಗಲ ಕತ್ತರಿಸುವುದು ವಾಡಿಕೆ. ಕತ್ತರಿಸುವ ಮುಂಚೆ ಹಾಳೆ ಹಾಳೆಯನ್ನೂ ತಿರುವಿ, ಬರಹ ಎಲ್ಲಿಯವರೆಗೆ ಬಂದಿದೆ ಎಂದು ನೋಡಿ ಗುರುತು ಮಾಡಬೇಕು. ಇದೂ ವಾಡಿಕೆಯೇ. ಅವತ್ತು ಅವನು ಮೇಲಿನ ನಾಲ್ಕು ಹಾಳೆ ನೋಡಿದ್ದಿರಬೇಕು. ಆರು ನೂರು ಹಾಳೆಯನ್ನು ಯಾರು ತಿರುವುತ್ತಾರೆ?

"ಹುಳ ತಿಂದಿರ್ಬೇಕು ಬಿಡಿ ತಾತ," ಎಂದಳು ಹುಡುಗಿ ಮೆಲ್ಲಗೆ.

"ಹುಳ ಇಷ್ಟು ನೇರಕ್ಕೆ ತಿನ್ನಲ್ಲ ಕಣಮ್ಮ."

ಮನೆಯ ದಾರಿಯಲ್ಲಿ ಅವನ ತಲೆಗೆ ಒಂದು ಮಾತು ಹೊಕ್ಕಿತು. ಯಾವುದಾದರೊಂದು ಹೆಸರು ಹೇಳಿದರೆ ಆಯಿತಲ್ಲ? ಬಂದು ನೋಡುವವರು ಯಾರು? ಹಳ್ಳ ದಾಟುವ ಸಂಕದ ಹತ್ತಿರ ನಿಂತು ಎರಡು ಮೂರು ಹೆಸರುಗಳನ್ನು ಬಾಯಲ್ಲಿ ಅಂದುಕೊಂಡೂ ನೋಡಿದ. ಯಾವುದೂ ನಾಲಗೆಗೆ ಹೊಂದಲಿಲ್ಲ. ಪರರ ಮನೆಯ ಹೆಂಗಸನ್ನು ಕೈಹಿಡಿದು ಎಳೆತಂದಂತೆ ಅನಿಸಿತು.

ಅಕ್ಕ ದಿಂಬಿಗೊರಗಿ ಬಾಗಿಲನ್ನೇ ನೋಡುತ್ತಿದ್ದಳು. ಕಾಲು ಬಾತಿತ್ತು, ಮುಖ ಮಾತ್ರ ಬತ್ತಿ ಇಷ್ಟೇ ಇಷ್ಟಾಗಿತ್ತು.

"ಸಿಕ್ತೇನೋ?"

ಅವನು ಹಾಸಿಗೆಯ ಅಂಚಿಗೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಪುಸ್ತಕ ಯಾರದು, ರಟ್ಟು ಯಾರದು, ಬ್ಲೇಡು ಯಾರದು.

"ಹಾಗಾದ್ರೆ ಅವಳು ಸತ್ತಿರಲಿಲ್ಲ," ಎಂದಳು ಅಕ್ಕ.

"ಇಲ್ಲ."

"ತಾನೇ ಎತ್ಕೊಂಡು ಬಂದ್ಲು. ಹೆಸರು ಹೇಳಿ ಹೋದ್ಲು."

"ಹೂಂ."

"ಬೇಡ ಅಂತ ಬಿಟ್ಟುಹೋಗೋರು ಯಾರಾದ್ರೂ ಹೆಸರು ಹೇಳ್ತಾರೇನೋ? ದೊಡ್ಡವಳಾದ ಮೇಲೆ ಮಗು ಕೇಳ್ಕೊಂಡು ಬರಲಿ ಅಂತ ಹೇಳಿದ್ದಾಳೆ." ಅವಳಿಗೆ ಉಸಿರು ಸಾಲಲಿಲ್ಲ. ಸುಧಾರಿಸಿಕೊಂಡು, "ಆ ಕತ್ತರಿಸಿದ ಚೂರೆಲ್ಲ ಏನ್ಮಾಡ್ತಿದ್ದೆ ನೀನು?" ಎಂದಳು.

ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಅವನಿಗೆ ತಿಳಿಯಿತು. "ಚೀಲಕ್ಕೆ ತುಂಬಿ ಮನೆಗೆ ತರ್ತಿದ್ದೆ."

"ಹೌದು. ಬೆಳಿಗ್ಗೆ ಬೆಳಿಗ್ಗೆ ಅಮ್ಮ ಒಲೆ ಹೊತ್ತಿಸ್ತಿದ್ಲು ಅದರಲ್ಲಿ. ನಿನ್ನ ಕಾಗದ ಚೆನ್ನಾಗಿ ಹತ್ತತ್ತೆ ಮಗಾ ಅನ್ನೋಳು."

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ತನ್ನ ಎರಡು ಕೈಯನ್ನೂ ಎಲ್ಲಿಡಬೇಕೆಂದು ರಟ್ಟಣ್ಣನಿಗೆ ತೋಚಲಿಲ್ಲ.

"ಈಗ ನಾನು ಅಮ್ಮಂಗೆ ಏನು ಹೇಳಲೋ?" ಎಂದಳು ಅಕ್ಕ.

ಅವನು ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡ.

"ತಮ್ಮ ಹುಡುಕಿದ, ಸಿಗಲಿಲ್ಲ ಅಂತೀನಿ. ಅಳ್ಬೇಡ. ಚಿಕ್ಕಂದಿನಲ್ಲೂ ನಿನ್ನ ಮೇಲೆ ದೂರು ಹೇಳಿದೋಳಲ್ಲ ನಾನು."

ಹೀಗೆಂದು ಅವಳು ಗೋಡೆಯ ಕಡೆ ಹೊರಳಿದಳು. ಸಂಜೆ ಅವನು ಮಾತ್ರೆ ನೀರು ತಂದಾಗ ಕೈಯನ್ನಷ್ಟೇ ಹಿಂದಕ್ಕೆ ಚಾಚಿದಳು. ಮುಖ ತಿರುಗಿಸಲಿಲ್ಲ.