ಸವೆದ ಅಂಚು

ನನ್ನ ಮೈಮೇಲಿನ ಬಂಗಾರದ ಬಣ್ಣ ನೋಡಿ ಮರುಳಾಗಬೇಡಿ. ನಾನೊಂದು ಗೆರಟೆ. ತೆಂಗಿನಕಾಯಿ ತುರಿದ ಮೇಲೆ ಒಲೆಗೆ ಹೋಗಬೇಕಾಗಿದ್ದ ಬರೀ ಗೆರಟೆ. ಬುಟ್ಟಿ ಹೆಣೆಯುವ ಬಟ್ಯ ನನ್ನನ್ನು ಎತ್ತಿಕೊಂಡ, ನಾರು ಕೆರೆದ, ಎರಡು ತೂತು ಕೊರೆದು ಬಿದಿರಿನ ಉದ್ದ ಹಿಡಿ ತೂರಿಸಿದ. ಹಾಗೆ ನಾನು ಸೌಟಾದೆ. ಅವನೇ ನನ್ನನ್ನು ಇಗರ್ಜಿಯ ಹಿಂದಿನ ಅಡುಗೆಮನೆಗೆ ತಂದು, ಅಲ್ಲಿ ಗಂಜಿ ಬೇಯಿಸಿ ಬಡಿಸುತ್ತಿದ್ದ ಸೆರಪಿನ್ ಬಾಯಿಯವರ ಕೈಗೆ ಕೊಟ್ಟ.

"ಇದರಲ್ಲಿ ಬಡಿಸಿ ಬಾಯಮ್ಮ, ನಿಮ್ಮ ಕೈ ಸುಡುದು ಬೇಡ" ಎಂದ.

ಆ ಅಡುಗೆಮನೆಯಲ್ಲಿ ದಿನಾ ಮಧ್ಯಾಹ್ನ ಸಂತ ವಿನ್ಸೆಂಟರ ಹೆಸರಿನಲ್ಲಿ ಬಡವರಿಗೆ ಗಂಜಿ. ಬಡವರೇ ನಮ್ಮ ಧಣಿಗಳು ಎಂದು ಆ ಸಂತರು ಹೇಳುತ್ತಿದ್ದರಂತೆ. ಸೆರಪಿನ್ ಬಾಯಿಯವರಿಗೆ ಓದು ಬರುತ್ತಿರಲಿಲ್ಲ. ಆದರೆ ಆ ಮಾತು ಅವರ ಕೈಗೆ ಚೆನ್ನಾಗಿ ಗೊತ್ತಿತ್ತು.

ಕುಚ್ಚಲಕ್ಕಿ ಗಂಜಿಯ ಗುಣ ನಿಮಗೆ ಗೊತ್ತಲ್ಲ? ಅನ್ನ ತಳಕ್ಕೆ ಕೂರುತ್ತದೆ, ತಿಳಿ ಮೇಲೆ ನಿಲ್ಲುತ್ತದೆ. ಮೇಲಿಂದ ಮೊಗೆದರೆ ಬರೀ ನೀರು. ಸೆರಪಿನ್ ಬಾಯಿ ಪ್ರತಿ ಸಲವೂ ನನ್ನನ್ನು ಹಂಡೆಯ ತಳಕ್ಕೆ ಮುಟ್ಟಿಸಿ, ಒಮ್ಮೆ ಕೆರೆದು, ಆಮೇಲೆಯೇ ಎತ್ತುತ್ತಿದ್ದರು. ಮೊದಲು ಬಂದವರಿಗೂ ಹಾಗೇ, ಕೊನೆಗೆ ಬಂದವರಿಗೂ ಹಾಗೇ. ತಳ ಉಜ್ಜಿ ಉಜ್ಜಿ ನನ್ನ ಎಡಗಡೆಯ ಅಂಚು ಸವೆದು ಓರೆಯಾಯಿತು. ಹಿಡಿ ಮುರಿದಾಗಲೆಲ್ಲ ಬಟ್ಯನೇ ಹೊಸದು ಹಾಕಿಕೊಟ್ಟ. ಕೊನೆಗೆ ಕಣ್ಣು ಮಂಜಾಗಿ, ಬುಟ್ಟಿ ಹೆಣೆಯಲಾಗದೆ, ಅವನೂ ಬಟ್ಟಲು ಹಿಡಿದು ಸಾಲಿನಲ್ಲಿ ನಿಂತ. ಆ ಒಂದು ಹೊತ್ತಿನ ಗಂಜಿಯೇ ಅವನ ಜೀವ ಹಿಡಿದಿತ್ತು.

ಸೆರಪಿನ್ ಬಾಯಿಯವರಿಗೂ ವಯಸ್ಸಾಯಿತು. ಅಡುಗೆಮನೆ ಇಗರ್ಜಿಯ ಸಮಿತಿಯ ಕೈಗೆ ಹೋಯಿತು. ಅಧ್ಯಕ್ಷರು ಲಿಗೋರಿಯವರು, ಮಡಿಕೆ ಮುರಿಯದ ಬಿಳಿ ಅಂಗಿಯವರು. ಗಂಜಿಗೆ ಐವತ್ತು ವರ್ಷ ತುಂಬಿತೆಂದು ಸಂತರ ಹೊಸ ಪ್ರತಿಮೆ ತರಿಸಿದರು. ಪ್ರತಿಮೆಯ ಕೈ ಖಾಲಿ ಇತ್ತು.

"ಆ ಹಳೆ ಸೌಟು ಉಂಟಲ್ಲ, ಅದನ್ನೇ ಹಿಡಿಸುವ. ಚರಿತ್ರೆ ಮಾರಾಯ್ರೆ ಅದು!" ಎಂದರು ಲಿಗೋರಿಯವರು.

ನನಗೆ ಬಣ್ಣ ಬಳಿದರು. ಓರೆ ಅಂಚು ಚೆಂದ ಕಾಣುವುದಿಲ್ಲವೆಂದು ಗೋಡೆಗೆ ಹಚ್ಚುವ ಪುಟ್ಟಿ ಮೆತ್ತಿ ಸಮ ಮಾಡಿದರು. ಅಯ್ಯೋ, ನಾನು ಜೀವಮಾನವಿಡೀ ದುಡಿದದ್ದಕ್ಕೆ ಇದ್ದದ್ದು ಆ ಒಂದು ಗುರುತು!

ಸಂತರ ಹಬ್ಬದ ದಿನ ಭಾಷಣವಾಯಿತು, ಶಾಲು ಹೊದೆಸಿದ್ದಾಯಿತು. ಪ್ರತಿಮೆಯ ಬುಡದಲ್ಲೇ ಹಂಡೆ ಇಟ್ಟರು. ದೊಡ್ಡ ಮನುಷ್ಯರು ಒಬ್ಬೊಬ್ಬರಾಗಿ ಬಂದು, ಕ್ಯಾಮೆರಾ ನೋಡುತ್ತ, ಸ್ಟೀಲ್ ಚೊಂಬಿನಲ್ಲಿ ಮೇಲುಮೇಲೆ ಮೊಗೆದು ಬಡಿಸಿದರು. ಅಂಗಿಗೆ ಸಿಡಿಯಬಾರದಲ್ಲ! ಬಟ್ಯ ಬಟ್ಟಲೊಳಗೆ ಬೆರಳಾಡಿಸಿದ.

"ಬಾಯಮ್ಮ, ಇವತ್ತು ಅಕ್ಕಿ ಹಾಕ್ಲಿಲ್ವಾ?" ಎಂದು ಕೂಗಿದ.

ಹಿಂದಿನ ಬೆಂಚಿನಲ್ಲಿದ್ದ ಸೆರಪಿನ್ ಬಾಯಿ ಎದ್ದರು. ಸೀದಾ ಬಂದು ಸಂತರ ಕೈಯಿಂದ ನನ್ನನ್ನು ಕಿತ್ತುಕೊಂಡು ಹಂಡೆಗೆ ಇಳಿಸಿದರು. ಅಬ್ಬಾ, ತಳ ಮುಟ್ಟಿದೆ! ಅನ್ನವೆಲ್ಲ ಅಲ್ಲೇ ರಾಶಿ ಬಿದ್ದಿತ್ತು. ಬಟ್ಯನ ಬಟ್ಟಲಿಗೆ ಇನ್ನು ಒಂದು ಗೇಣು ಇದೆ ಎನ್ನುವಾಗ ಲಿಗೋರಿಯವರು ಅವರ ಕೈ ಹಿಡಿದರು.

"ಎಂತ ಬಾಯಿ ಇದು? ಸಂತರ ಕೈಯದ್ದನ್ನು ಎಳೆಯುದಾ? ಬಣ್ಣ ಹೋಗ್ತದೆ!"

"ಹೋಗ್ಲಿ. ಧಣಿಗಳ ಬಟ್ಟಲಲ್ಲಿ ಬರೀ ನೀರುಂಟು. ಕಾಣುದಿಲ್ವಾ ನಿಮಗೆ?"

ಮುದುಕಿಗೆ ಅರಳುಮರಳು ಎಂದು ಯಾರೋ ನಕ್ಕರು. ಜಗ್ಗಾಟದಲ್ಲಿ ಅನ್ನ ನೆಲಕ್ಕೆ ಚೆಲ್ಲಿತು. ಇಬ್ಬರು ಅವರನ್ನು ತೋಳು ಹಿಡಿದು ಗೇಟಿನಾಚೆ ಬಿಟ್ಟು ಬಂದರು. ಮರುದಿನ ನನ್ನನ್ನು ಸಂತರ ಕೈಗೆ ತಂತಿಯಿಂದ ಬಿಗಿದರು. ದಿನಾ ಇಂಥ ಗಲಾಟೆ ಬೇಡ, ಗಂಜಿ ಇನ್ನು ವರ್ಷಕ್ಕೊಮ್ಮೆ, ಹಬ್ಬದ ದಿನ ಮಾತ್ರ ಎಂದು ಸಮಿತಿ ತೀರ್ಮಾನಿಸಿತು. ಸೆರಪಿನ್ ಬಾಯಿ ಆಮೇಲೆ ಇತ್ತ ಕಾಲಿಡಲಿಲ್ಲ.

ಮೊನ್ನೆ ಬಟ್ಯ ಬಂದಿದ್ದ, ಗೋಡೆ ತಡವಿಕೊಂಡು. ನೆಲ ಗುಡಿಸುವ ಹೆಂಗಸು ಕನಿಕರದಿಂದ ಅವನ ಕೈಯನ್ನು ನನ್ನ ಮೇಲಿಟ್ಟಳು.

"ನೀವು ಮಾಡಿದ ಸೌಟು ಇಲ್ಲೇ ಉಂಟಲ್ಲ ಬಟ್ಯಣ್ಣ, ನೋಡಿ."

ಅವನ ಬೆರಳು ನನ್ನ ಎಡದ ಅಂಚನ್ನು ಹುಡುಕಿತು. ಎರಡು ಸಲ ಹುಡುಕಿತು.

"ಅಲ್ಲ ಮಗಾ, ಇದಲ್ಲ. ನನ್ನ ಸೌಟಿನ ಅಂಚು ಸವೆದಿತ್ತು" ಎಂದ.

ನಾನೇ ಎಂದು ಕೂಗಲು ನನಗೆ ಮಾತು ಬಾರದು. ಬಂದಿದ್ದರೂ ಯಾವ ಮುಖ ಇಟ್ಟುಕೊಂಡು ಹೇಳಲಿ? ಅವನು ಖಾಲಿ ಬಟ್ಟಲನ್ನು ಕಂಕುಳಲ್ಲಿ ಇಟ್ಟುಕೊಂಡು ಒಂದೊಂದೇ ಮೆಟ್ಟಿಲು ಇಳಿದುಹೋದ.