ಮೊದಲು ಅವಳ ಮಾತು

೧೯೫೮ರ ಮಾತು. ಉಡುಪಿ ಕಡೆಯ ಕಿಟ್ಟಣ್ಣ ಮದರಾಸಿನ ಕೀಲ್ಪಾಕಿನಲ್ಲಿ ಹೋಟೆಲು ಇಟ್ಟು ವರ್ಷವಾಗಿತ್ತು. ಮಗಳು ಜಲಜಾ ಶಾಲೆಯಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ತಮಿಳು ತಪ್ಪಾದರೆ ನಗುತ್ತಾರೆಂಬ ಹೆದರಿಕೆ.

"ಸಾಕು ಓದಿದ್ದು. ಹೋಗಿ ಹೆಸರು ತೆಗೆಸು," ಎಂದ ಕಿಟ್ಟಣ್ಣ. ಹೆಂಡತಿ ಗುಣವತಿಗೂ ಸರಿಯೆನಿಸಿತು.

ಗುಣವತಿ ಶಾಲೆಗೆ ಹೋದರೆ, ತರಗತಿಯಲ್ಲಿ ಮಕ್ಕಳು ಐದೈದು ಜನ ಸುತ್ತ ಕೂತು ಮಾತಾಡುತ್ತಿದ್ದರು. ಧಾರವಾಡ ಕಡೆಯ ಟೀಚರು ಸುಮಿತ್ರಮ್ಮ ಬಾಗಿಲಲ್ಲೇ ಸಿಕ್ಕರು.

"ಇದೆಂತ ಟೀಚರೇ, ಸಂತೆಯಾ? ಪಾಠ ಮಾಡುವುದು ನೀವಲ್ವಾ?"

"ನಾನು ದಿನಾ ಮಾತಾಡ್ತೀನ್ರಿ, ಇವತ್ತು ಅವರ ಪಾಳಿ. ಬೀದಿ ನಳದ ಹತ್ರ ನೀರಿನ ಜಗಳ ನಿಲ್ಲಿಸೋದು ಹೆಂಗ ಅಂತ ಚರ್ಚೆ. ಎಲ್ಲಾರೂ ಒಮ್ಮೆ ಮಾತಾಡೋತನಕ ಯಾರೂ ಎರಡನೇ ಸಲ ಮಾತಾಡಂಗಿಲ್ಲ. ಹಿಂದಿನಾಕಿ ಹೇಳಿದ್ದನ್ನ ಮೊದಲು ಹೇಳಬೇಕು, ಆಮ್ಯಾಲ ತನ್ನ ಮಾತು."

"ನನ್ನ ಮಗಳು ಬಾಯಿ ಬಿಟ್ಟ ಹಾಗೇ!"

"ಸುಮ್ಮನ ನಿಂತು ಕೇಳ್ರಿ."

ಜಲಜಾಳ ಸರದಿ ಬಂತು. ತಮಿಳಿನಲ್ಲಿ ತಡವರಿಸುತ್ತ ಹೇಳಿದಳು: "ಕೈಕೂಸು ಇರುವವರಿಗೆ ಮೊದಲು ನೀರು ಬಿಡಬೇಕು ಅಂತ ನಮ್ಮಮ್ಮ ಹೇಳ್ತಾರೆ."

ಪಕ್ಕದ ಚಂದ್ರಮತಿ ಕಿಸಕ್ಕನೆ ನಕ್ಕಳು. ಮುಂದಿನ ಸರದಿ ಅವಳದೇ. ನಗುವಿನಲ್ಲಿ ಏನೂ ಕೇಳಿಸಿಕೊಂಡಿರಲಿಲ್ಲ. ಮುಖ ಸಣ್ಣದಾಯಿತು.

"ಇನ್ನೊಂದ್ಸಲ ಹೇಳೇ."

ಜಲಜಾ ಈ ಸಲ ಗಟ್ಟಿಯಾಗಿ ಹೇಳಿದಳು.

"ಕೈಕೂಸು ಇರುವವರಿಗೆ ಮೊದಲು ಅಂತಾರೆ ಜಲಜಾಳ ಅಮ್ಮ," ಎಂದಳು ಚಂದ್ರಮತಿ. "ಆದರೆ ನಮ್ಮಜ್ಜಿಗೂ ನಿಲ್ಲಕ್ಕಾಗಲ್ಲ. ಅವಳೇನು ಮಾಡಬೇಕು?"

ಸುತ್ತು ಮುಗಿಯಿತು. ಜಲಜಾ ತಾನಾಗಿ ಕೈಯೆತ್ತಿದಳು. "ಚಂದ್ರಮತಿ ಅಜ್ಜಿಗೆ ನಿಲ್ಲಕ್ಕಾಗಲ್ವಂತೆ. ಹಾಗಾದ್ರೆ ಎರಡು ಸಾಲು ಮಾಡುವ, ಕೂಸಿನವರಿಗೂ ಅಜ್ಜಿಯಂದಿರಿಗೂ ಒಂದು, ಉಳಿದವರಿಗೆ ಒಂದು."

ಬಾಗಿಲಲ್ಲಿ ನಿಂತ ಗುಣವತಿಗೆ ಹೆಮ್ಮೆಯೆನಿಸಿತು. ಮಗಳು ಮಾತಾಡಿದ್ದಳು. ಜೊತೆಗೆ ಇನ್ನೊಂದು ಸಂಗತಿಯೂ ಮನಸ್ಸಿಗೆ ತಟ್ಟಿತು. ಹದಿನಾಲ್ಕು ವರ್ಷದ ಸಂಸಾರದಲ್ಲಿ ತಾನು ಹೇಳಿದ್ದೆಲ್ಲ ಗಂಡನ ಒಂದು 'ಹೂಂ'ನಲ್ಲಿ ಮುಗಿದುಹೋಗಿತ್ತು. ಇಲ್ಲಿ ಗುರುತಿಲ್ಲದ ಹುಡುಗಿ ಗುಣವತಿಯ ಮಾತನ್ನು ಪೂರ್ತಿ ಹೇಳಿ, ಆಮೇಲೆ ಎದುರಾಡಿದ್ದಳು.

ಸಂಜೆ ಕಿಟ್ಟಣ್ಣ ಕೇಳಿದ, "ಹೆಸರು ತೆಗೆಸಿದ್ಯಾ?"

"ಇಲ್ಲ. ಜಲಜಾ ಓದಲಿ."

"ನಿನಗೆಂತ ಗೊತ್ತು..."

"ಮೊದಲು ನಾನು ಹೇಳಿದ್ದು ಹೇಳಿ. ಆಮೇಲೆ ನಿಮ್ಮದು."

ಕಿಟ್ಟಣ್ಣ ಕಣ್ಣು ಕಣ್ಣು ಬಿಟ್ಟ. "ಜಲಜಾ ಓದಲಿ ಅಂತಿ..." ತನ್ನದು ಹೇಳಲು ಹೊರಟರೆ ನಗು ಬಂತು. "ಓದಲಿ ಮಾರಾಯ್ತಿ!"

ತಾಯಂದಿರೇ, ಮಕ್ಕಳನ್ನು ಗುಂಪಾಗಿ ಕೂರಿಸಿ ಮಾತಾಡಿಸಿದರೆ ಗದ್ದಲ ಎನ್ನಬೇಡಿ. ನಿಮ್ಮ ಶಾಲೆಯಲ್ಲಿ ಆ ಪದ್ಧತಿ ಇಲ್ಲವೇ? ಹೋಗಿ ಟೀಚರನ್ನು ಕೇಳಿ. ಇವತ್ತು ಮಗು ಮನೆಗೆ ಬಂದಾಗ, ಪಕ್ಕದಲ್ಲಿ ಕೂತವಳು ಏನು ಹೇಳಿದಳೆಂದು ವಿಚಾರಿಸಿ. ಉತ್ತರ ಬರುವತನಕ ಒಲೆಯ ಕೆಲಸ ಕಾಯಲಿ.